ಹಗೇವಿನ ಬಾಯಿ

ಹಿಂದಿನ ಬೇಸಗೆಯಲ್ಲಿ ಬಣವೆಗೆ ಬಿದ್ದ ಬೆಂಕಿ ಮನೆಗೂ ಹತ್ತಿ ಅಟ್ಟದ ಮೇಲಿನ ಜೋಳವೆಲ್ಲ ಸುಟ್ಟುಹೋಗಿತ್ತಲ್ಲ, ಅಂದಿನಿಂದ ಮಾಸೂರಿನ ಕರಬಸಪ್ಪನಿಗೆ ಬೆಂಕಿಯದೊಂದೇ ಭಯ. ಈ ಸಲ ಸುಗ್ಗಿ ಮುಗಿದದ್ದೇ ತಡ, ವರ್ಷದ ಕೂಳು, ಬಿತ್ತುವ ಬೀಜ ಎಲ್ಲವನ್ನೂ ಅಂಗಳದ ಹಗೇವಿಗೆ ಸುರಿದ. ಎರಡಾಳು ಆಳದ ಆ ನೆಲದ ಕಣಜ ಅರ್ಧ ತುಂಬಿತು. ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟ. ನೆಲದೊಳಗೆ ಬೆಂಕಿ ಇಳಿಯುವುದಿಲ್ಲ, ಖರೆ. ನೀರು ಇಳಿಯುತ್ತದಲ್ಲ, ಮಹಾರಾಯ!

ಬಿಸಿಲಿಗೆ ಅಂಗಳ ಕೈ ತೂರುವಷ್ಟು ಬಿರಿಯಿತು. “ಮಳಿ ಬರೂದ್ರಾಗ ಈ ಬಿರುಕ ಮುಚ್ಚೂಣ್ರಿ” ಎಂದು ಹೆಂಡತಿ ಮಹಾದೇವಕ್ಕ ಹೇಳಿದ್ದೇ ಹೇಳಿದ್ದು. ಪುಣ್ಯಾತ್ಮ ಬೆಂಕಿ ಆರಿಸಲೆಂದು ಗಡಿಗೆಗಳಲ್ಲಿ ನೀರು ತುಂಬಿಡುವುದರಲ್ಲೇ ಇದ್ದ. ಆಷಾಢದಲ್ಲಿ ಎಂಟು ದಿನ ಬಿಡದೆ ಸುರಿದ ಮಳೆ ಆ ಬಿರುಕುಗಳ ದಾರಿ ಹಿಡಿಯಿತು. ಒಂಬತ್ತನೆಯ ದಿನ ಮುಂಜಾನೆ ಮಳೆ ನಿಂತಾಗ ಮಹಾದೇವಕ್ಕನ ಮೂಗಿಗೆ ಹುಳಿವಾಸನೆ ಬಡಿಯಿತು.

ಇಬ್ಬರೂ ಸೇರಿ ಚಪ್ಪಡಿ ಸರಿಸಿದರು. ನೆನೆದ ಕಾಳಿನ ಗಾಳಿ ಮನುಷ್ಯನ ಉಸಿರನ್ನೇ ನಿಲ್ಲಿಸುತ್ತದೆ. ಅದಕ್ಕೇ ಹಗೇವನ್ನು ಒಂದು ದಿನ ತೆರೆದಿಟ್ಟು, ಕಂದೀಲು ಇಳಿಸಿ ನೋಡಿ, ಅದು ಉರಿದರಷ್ಟೇ ಇಳಿಯುವುದು ಊರಿನ ಪದ್ಧತಿ. ಆದರೆ ಮೋಡ ಮತ್ತೆ ಕೂಡುತ್ತಿತ್ತು. ತೆರೆದಿಟ್ಟರೆ ಮಳೆ ಒಳಗೆ, ಮುಚ್ಚಿದರೆ ಕೆಟ್ಟ ಗಾಳಿ ಒಳಗೇ.

“ನಾಳಿತನಕ ಕಾದ್ರ ಎಲ್ಲಾ ಕೊಳೀತೈತಿ” ಎಂದು ಕರಬಸಪ್ಪ ಸೊಂಟಕ್ಕೆ ಹಗ್ಗ ಬಿಗಿದ.

ಮಹಾದೇವಕ್ಕ ಕಂದೀಲು ಇಳಿಸಿದಳು. ಅರ್ಧ ದಾರಿಗೇ ಆರಿತು.

“ಗಾಳಿಗೆ ಆರೇತಿ. ಸರಿ ನೀ” ಎಂದ ಅವನು.

“ನೆಲದಾಗ ಎಲ್ಲೀ ಗಾಳಿರಿ?”

ಅವಳು ಚಪ್ಪಡಿಯನ್ನು ಮತ್ತೆ ಬಾಯಿಗೆಳೆದು ಅದರ ಮೇಲೆ ಕುಳಿತೇಬಿಟ್ಟಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡನಿಗೆ ಅಡ್ಡ ಕುಳಿತದ್ದು ಅದೇ ಮೊದಲು. ಅವನು ಮುಂಗೋಪಿ, ಹಟಮಾರಿ, ಆದರೂ ಅವನೆಂದರೆ ಅವಳಿಗೆ ಜೀವ.

“ಜ್ವಾಳ ಹೋದ್ರ ಕೂಲಿ ಮಾಡ್ತೇನಿ. ನೀವು ಹೋದ್ರ ಏನ್ ಮಾಡ್ಲಿ, ಅದನ್ನ ಹೇಳ್ರಿ” ಎಂದಳು.

ಕರಬಸಪ್ಪ ಸೊಂಟದ ಹಗ್ಗ ಬಿಚ್ಚಿದ.

ಆಮೇಲೆ ಅವಳು ಹೇಳಿದಂತೆಯೇ ಎಲ್ಲ ನಡೆಯಿತು. ನೆರೆಮನೆಯ ಖಾದರಸಾಬ ಚಾಪೆ ಹೊದಿಸಿದ ತನ್ನ ಬಂಡಿಯನ್ನು ತಂದು ಹಗೇವಿನ ನೆತ್ತಿಗೆ ನಿಲ್ಲಿಸಿದ. ಸುತ್ತ ಮಣ್ಣಿನ ಬದು ಹಾಕಿದರು. ಬಂಡಿಯ ಕೆಳಗೆ ಚಪ್ಪಡಿ ತೆಗೆದು, ಮಹಾದೇವಕ್ಕ ಬೇವಿನ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ಎತ್ತಿ, ಇಳಿಸಿ ಎತ್ತಿ ಒಳಗಿನ ಗಾಳಿಯನ್ನು ಕದಡಿದಳು. ಮಳೆ ಬಂತು. ಬಂಡಿಯ ಮೇಲೆ ಬಿದ್ದು ಬದುವಿನಾಚೆ ಹರಿಯಿತು.

“ಕೈಯಾಗ ಬೊಬ್ಬಿ ಎದ್ದಾವು, ಕೊಡಿಲ್ಲೆ” ಎಂದು ಕರಬಸಪ್ಪ ಹಗ್ಗ ಕಸಿದುಕೊಂಡ. ಸಂಜೆಯ ಮುಂದೆ ಕಂದೀಲು ಕಾಳಿನ ತನಕ ಇಳಿದು ಉರಿಯುತ್ತಲೇ ಇತ್ತು. ಅವನು ಮೂಗು ಬಾಯಿಗೆ ವಸ್ತ್ರ ಸುತ್ತಿ, ಸೊಂಟಕ್ಕೆ ಹಗ್ಗ ಬಿಗಿದು ಇಳಿದ. ಹಗ್ಗ ಇವಳ ಮತ್ತು ಖಾದರಸಾಬನ ಕೈಯಲ್ಲಿ.

“ಏನ್ರೀ” ಎಂದು ಕೂಗಿದಳು. ಉತ್ತರವಿಲ್ಲ. “ಏನ್ರೀ, ಕೇಳಸ್ತೈತೇನ್ರಿ?” ಇಲ್ಲ. ಬಾಗಿ, ಓಣಿಗೆಲ್ಲ ಕೇಳುವಂತೆ ಕೂಗಿದಳು:

“ಕರಬಸಪ್ಪಾ!”

ಖಾದರಸಾಬ ಬೆಪ್ಪಾಗಿ ನೋಡಿದ. ಕೆಳಗೆ ಬಾಯಿಗೆ ಸುತ್ತಿದ್ದ ವಸ್ತ್ರವನ್ನು ಎಳೆದು ಸರಿಸಿದ ಸದ್ದಾಯಿತು.

“ಓ” ಎಂದ ಕರಬಸಪ್ಪ. “ಅರ್ಧ ಕೊಳತೈತಿ, ಬೀಜಕ್ಕಾಗೂವಷ್ಟು ಐತಿ. ಏನವಾ, ಗಂಡನ ಹೆಸ್ರ ಹಿಡದ ಕರದಿ?”

ಅವಳಿಗೆ ನಗುವೂ ಬಂತು, ಅಳುವೂ ಬಂತು.

“ನೀವು ಓ ಅನ್ನೂತನಕಾ ಕರೀತಿದ್ದೆ” ಎಂದಳು.