ಐನೂರು ಅಕ್ಷರದ ತಪ್ಪೊಪ್ಪಿಗೆ

“ಹತ್ತೇ ಸ್ಟೂಲ್ ಮ್ಯಾಲೆ. ಉಚ್ಚೆ ಹೊಯ್ಯಾಕೆ ಏಳು ನಿಮಿಷ ಬೇಕೇನೆ ನಿಂಗೆ? ಎಮ್ಮೆನೂ ಅಷ್ಟೊತ್ತು ಹೊಯ್ಯಾಕಿಲ್ಲ.”

ಕ್ವಾಂಗ್ ಮೇಸ್ತ್ರಿ ಪ್ಲಾಸ್ಟಿಕ್ ಸ್ಟೂಲನ್ನು ಕಾಲಿನಿಂದಲೇ ಮುಂದಕ್ಕೆ ನೂಕಿದ. ಯಿನ್‌ಮೇ ಹತ್ತಿ ನಿಂತಳು. ಎದುರಿಗೆ ಯಂತ್ರಗಳ ಮೂರನೇ ಸಾಲಿನ ಅರವತ್ತು ಜನ, ಆಗಷ್ಟೇ ಗಂಜಿ ಕುಡಿದು ಬಂದವರು, ನೀಲಿ ಅಂಗಿಯಲ್ಲಿ ನಿಂತಿದ್ದರು. ಪಾತ್ರೆಗಳಿಗೆ ಸ್ಟೀಲ್ ಮುಚ್ಚಳ ಒತ್ತುವ ಆ ಕಾರ್ಖಾನೆಯಲ್ಲಿ ತಪ್ಪು ಮಾಡಿದವರು ಐನೂರು ಅಕ್ಷರಕ್ಕೆ ಕಡಿಮೆಯಿಲ್ಲದ ತಪ್ಪೊಪ್ಪಿಗೆ ಬರೆಯಬೇಕು, ಮಾರನೆಯ ಬೆಳಿಗ್ಗೆ ಎಲ್ಲರೆದುರು ನಿಂತು ಓದಬೇಕು.

ಯಿನ್‌ಮೇಗೆ ಹತ್ತೊಂಬತ್ತು ವರ್ಷ. ಗುವಾಂಗ್ಶಿ ಪ್ರಾಂತ್ಯದ ಬೆಟ್ಟದೂರಿನಲ್ಲಿ ಮೂರನೇ ಕ್ಲಾಸಿಗೆ ಓದು ಬಿಟ್ಟು ಹಂದಿ ಮೇಯಿಸಿದವಳು. ಅವಳ ಹಾಳೆಯಲ್ಲಿ ತೊಂಬತ್ತು ಅಕ್ಷರವೂ ಇರಲಿಲ್ಲ. ‘ನಾನು ತಪ್ಪು ಮಾಡಿದೆ’ ಎಂಬ ಒಂದೇ ಸಾಲು ಮೇಲಿಂದ ಕೆಳಗಿನವರೆಗೆ ನಿಂತಿತ್ತು. ಮೇಸ್ತ್ರಿ ಹಾಳೆ ಕಿತ್ತುಕೊಂಡು ಬೆಳಕಿಗೆ ಹಿಡಿದ.

“ನೋಡ್ರಪ್ಪಾ ಇಲ್ಲಿ. ತಪ್ಪು ಅನ್ನೋದ್ನೇ ತಪ್ಪಾಗಿ ಬರ್ದವ್ಳೆ ಮುಂಡೇದು.”

ಅರವತ್ತು ಜನ ನಕ್ಕರು. ನಗದಿದ್ದರೆ ಮುಂದಿನ ಸ್ಟೂಲು ತಮ್ಮದಾಗುತ್ತದೆಂದು ನಕ್ಕವರು ಕೆಲವರು. ನಿಜಕ್ಕೂ ನಗು ಬಂದು ನಕ್ಕವರು ಹಲವರು. ಬೈಗುಳ ಯಿನ್‌ಮೇಗೆ ಹೊಸದಲ್ಲ. ಆದರೆ ತನ್ನ ಕೈಯಾರೆ ಬರೆದದ್ದೇ ತನ್ನ ಮೇಲೆ ಉಗುಳಿದ್ದು ಮೊದಲ ಸಲ.

ಆ ಭಾನುವಾರ ಗುಜರಿಯವನ ರಾಶಿಯಲ್ಲಿ ಒಂದು ನಿಘಂಟು ಸಿಕ್ಕಿತು. ಮುಂದಿನ ಇಪ್ಪತ್ತು ಪುಟ ಇಲಿ ಪಾಲಾಗಿತ್ತು. ಮಧ್ಯಾಹ್ನದ ಅರ್ಧ ಗಂಟೆಯಲ್ಲಿ ಎಲ್ಲರೂ ಅನ್ನದ ಡಬ್ಬಿ ಮುಗಿಸಿ ಗೋಡೆಗೊರಗಿ ಕಣ್ಣುಮುಚ್ಚಿದರೆ, ಅವಳು ಮುಚ್ಚಳಗಳ ನಡುವೆ ಇಡುವ ರಟ್ಟಿನ ಮೇಲೆ ಅಕ್ಷರ ತಿದ್ದುತ್ತಿದ್ದಳು. ಒಂದೊಂದು ಪದಕ್ಕೂ ಒಂದೊಂದು ಅಕ್ಷರವಿರುವ ಲಿಪಿ ಅದು. ದಿನಕ್ಕೆ ಹತ್ತು. ಸಂಜೆ ಆ ಹತ್ತನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒದ್ದೆ ಬೆರಳಲ್ಲಿ ಮತ್ತೆ ಬರೆದು ನೋಡುತ್ತಿದ್ದಳು. ಬರೆದದ್ದು ಆರುವಷ್ಟರಲ್ಲಿ ನೆನಪಿಗೆ ಬರದಿದ್ದರೆ ಅದು ನಾಳೆಯ ಲೆಕ್ಕಕ್ಕೆ.

ಮೊದಲು ಅವಳ ಹತ್ತಿರ ಬಂದವಳು ಪಕ್ಕದ ಯಂತ್ರದ ಷಿ ಅಕ್ಕ. ಹುನಾನ್ ಪ್ರಾಂತ್ಯದವಳು, ನಲವತ್ತು ದಾಟಿದವಳು. ಅಂದು ಎಲ್ಲರಿಗಿಂತ ಜೋರಾಗಿ ನಕ್ಕವಳೂ ಅವಳೇ.

“ಅಮ್ಮಣ್ಣಿ, ನಂದೊಂದು ತಪ್ಪು ಬರ್ಕೊಡೆ. ಕೆಲಸದೊತ್ನಲ್ಲಿ ಮಾತಾಡ್ದೆ ಅಂತ ಮೇಸ್ತ್ರಿ ಹಾಕವ್ನೆ. ಅಕ್ಷರ ಕಂಡ್ರೆ ಇರುವೆ ಹರ್ದಾಡ್ದಂಗಾಯ್ತದೆ ನಂಗೆ.”

“ಅವತ್ತು ನನ್ನ ನೋಡಿ ನಕ್ಕೆಯಲ್ಲಕ್ಕಾ.”

“ನಕ್ಕೆ. ಈಗ ಅಳಬೇಕಾ? ಬರಿ ಅಂದ್ರೆ.”

ಐನೂರು ಅಕ್ಷರ ಎಂದರೆ ಕಡಿಮೆಯಲ್ಲ. ‘ತಪ್ಪಾಯಿತು, ಇನ್ನು ಮಾಡುವುದಿಲ್ಲ’ ಎಂಬುದು ಎರಡು ಸಾಲಿಗೆ ಮುಗಿಯುತ್ತದೆ. ಉಳಿದದ್ದನ್ನು ತುಂಬಲು ಯಿನ್‌ಮೇ ಕೇಳಲೇಬೇಕಾಯಿತು. ಏನು ಮಾತಾಡಿದೆ? ಯಾರ ಹತ್ತಿರ? ಯಾಕೆ? ಷಿ ಅಕ್ಕ ಹೇಳುತ್ತಾ ಹೋದಳು. ಮಗಳು ಊರಲ್ಲಿ ದೊಡ್ಡವಳಾದಳಂತೆ, ಹೇಗೆ ಬಟ್ಟೆ ಮಡಚಿಟ್ಟುಕೊಳ್ಳಬೇಕೆಂದು ಹೇಳಲು ತಾನಿಲ್ಲ, ಅದನ್ನೇ ಪಕ್ಕದವಳ ಹತ್ತಿರ ಹೇಳಿಕೊಂಡದ್ದು. ಯಿನ್‌ಮೇ ಅದನ್ನೇ ಬರೆದಳು.

ಆಮೇಲೆ ಒಬ್ಬೊಬ್ಬರಾಗಿ ಬಂದರು. ಯಂತ್ರದ ಮುಂದೆ ತೂಕಡಿಸಿದ ದೂ ಅಣ್ಣ ಬಂದ.

“ಯಾಕೆ ತೂಕಡಿಸ್ದೆ ಅಣ್ಣ?”

“ನಿದ್ದೆ ಬಂತು, ತೂಕಡಿಸ್ದೆ. ಅದ್ರಾಗೇನೈತೆ?”

“ಅದಕ್ಕೆ ಆರೇ ಅಕ್ಷರ ಆಗತ್ತೆ. ಯಾಕೆ ನಿದ್ದೆ ಬಂತು?”

ದೂ ಅಣ್ಣ ಬೀಡಿಯಂಥ ಸಣ್ಣ ಸಿಗರೇಟನ್ನು ನೆಲಕ್ಕೆ ಹೊಸಕಿದ. “ಅವ್ವ ಸತ್ಳು. ತಂತಿ ಬಂದಿತ್ತು. ರಜ ಕೇಳ್ದೆ, ನೀ ಹೋದ್ರೆ ಎದ್ದು ಕೂತ್ಕತಾಳಾ ಅಂದ ಮೇಸ್ತ್ರಿ. ಮೂರು ದಿನ ಕಣ್ಣು ಮುಚ್ಚಿರ್ಲಿಲ್ಲ ಕಣಮ್ಮ.” ಅವಳ ಹಾಳೆಯತ್ತ ಬಗ್ಗಿ, “ಪ್ರೀತಿ ಅಂತ ಹೆಂಗ್ ಬರೀತಾರೆ? ಒಂದು ಕಡೆ ಹಾಕು” ಎಂದ.

“ಆ ಪುಟ ಇಲಿ ತಿಂದೈತಣ್ಣ.”

“ತಿನ್ಲಿ ಬಿಡು. ಬ್ಯಾಡ.”

ಆ ಬೆಳಿಗ್ಗೆ ದೂ ಅಣ್ಣ ಸ್ಟೂಲ್ ಮೇಲೆ ನಿಂತು ತಡವರಿಸಿ ಓದುವಾಗ ಒಬ್ಬರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ಕ್ವಾಂಗ್ ಮೇಸ್ತ್ರಿ ಅರ್ಧಕ್ಕೇ ಹಾಳೆ ಕಸಿದುಕೊಂಡ.

“ತಪ್ಪು ಬರಿಯೋ ಸೂಳೆಮಗನೆ ಅಂದ್ರೆ ನಿಮ್ಮವ್ವನ ಹರಿಕಥೆ ಬರ್ಕೊಂಡು ಬಂದಿದೀಯ? ಯಾವಳು ಬರೆದಿದ್ದು ಇದನ್ನ?”

ಯಾರೂ ಬಾಯಿ ಬಿಡಲಿಲ್ಲ. ಯಿನ್‌ಮೇ ತನ್ನ ಬೂಟಿನ ತುದಿ ನೋಡುತ್ತಾ ನಿಂತಿದ್ದಳು. ಎದೆಯೊಳಗೆ ಹೆದರಿಕೆ ಇತ್ತು. ಅದರ ಪಕ್ಕದಲ್ಲಿ ಇನ್ನೇನೋ ಇತ್ತು, ಅದರ ಹೆಸರು ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ಎರಡು ವರ್ಷದಲ್ಲಿ ಅವಳು ಮುನ್ನೂರಕ್ಕೂ ಹೆಚ್ಚು ತಪ್ಪೊಪ್ಪಿಗೆ ಬರೆದಳು.

ಒತ್ತುವ ಯಂತ್ರಕ್ಕೆ ಎರಡು ಗುಂಡಿ. ಎರಡನ್ನೂ ಎರಡು ಕೈಯಲ್ಲಿ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯಬೇಕು, ಆಗ ಯಾವ ಕೈಯೂ ಅಚ್ಚಿನಡಿ ಇರುವುದಿಲ್ಲ. ಎರಡನೇ ವರ್ಷದ ಬೇಸಿಗೆಯಲ್ಲಿ ದೊಡ್ಡ ಆರ್ಡರ್ ಬಂತು. ಕ್ವಾಂಗ್ ಮೇಸ್ತ್ರಿ ಒಂದೊಂದೇ ಯಂತ್ರದ ಹತ್ತಿರ ಬಂದು ಎಡಗಡೆಯ ಗುಂಡಿಯನ್ನು ಅದುಮಿ ಹಿಡಿದು ಕಪ್ಪು ಟೇಪು ಸುತ್ತಿಹೋದ. ಈಗ ಒಂದು ಕೈ ಒತ್ತಿದರೆ ಸಾಕು, ಇನ್ನೊಂದು ಕೈ ತಗಡು ಇಡಬಹುದು. ಮುಚ್ಚಳಗಳು ಎರಡರಷ್ಟು ಉದುರಿದವು.

ಹನ್ನೊಂದನೇ ದಿನ, ಊಟದ ಗಂಟೆಗೆ ಮೊದಲು, ಷಿ ಅಕ್ಕನ ಯಂತ್ರದಿಂದ ಬಂದ ಸದ್ದು ಬೇರೆಯಾಗಿತ್ತು. ಎಡಗೈಗೆ ನೋವೆಂದು ಅವಳು ಅಂದು ತಗಡನ್ನು ಬಲಗೈಯಲ್ಲಿ ಇಟ್ಟು ಎಡಗೈಯಲ್ಲಿ ಗುಂಡಿ ಒತ್ತುತ್ತಿದ್ದಳು. ಯಿನ್‌ಮೇ ತಿರುಗಿ ನೋಡಿದಾಗ ಷಿ ಅಕ್ಕ ಕೂಗುತ್ತಿರಲಿಲ್ಲ. ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು. ಹೆಬ್ಬೆರಳೂ ಕಿರುಬೆರಳೂ ಇದ್ದವು. ನಡುವೆ ಏನೂ ಇರಲಿಲ್ಲ.

ಆ ಸಂಜೆಯೊಳಗೆ ಎಲ್ಲ ಯಂತ್ರಗಳ ಟೇಪು ಬಿಚ್ಚಲಾಯಿತು.

ಅದಾದ ಮೂರನೇ ದಿನ ಮ್ಯಾನೇಜರ್ ಔಯಾಂಗ್ ಯಿನ್‌ಮೇಯನ್ನು ಕೋಣೆಗೆ ಕರೆಸಿದ. ಅವನು ಬಯ್ಯುವವನಲ್ಲ. ತಾನೇ ಟೀ ಬಗ್ಗಿಸಿ ಲೋಟ ಮುಂದಿಟ್ಟ.

“ಕೂತ್ಕೊಳಮ್ಮ. ನೀನೇ ಅಂತೆ ಎಲ್ಲರದ್ದೂ ಬರೆಯೋದು. ಗೊತ್ತು ನಂಗೆ. ಚೆನ್ನಾಗಿ ಬರೀತೀಯ. ನಿನ್ನಂಥೋಳು ಯಂತ್ರದ ಮುಂದೆ ಯಾಕಿರಬೇಕು? ಆಫೀಸಲ್ಲಿ ಗೋಡೆಪತ್ರಿಕೆ ನೋಡ್ಕೊಳೋರು ಬೇಕು.”

ಯಿನ್‌ಮೇ ಲೋಟ ಮುಟ್ಟಲಿಲ್ಲ.

“ಶುಕ್ರವಾರ ಪಟ್ಟಣದಿಂದ ಸುರಕ್ಷತೆ ಸಾಹೇಬರು ಬರ್ತಾರೆ. ಆಸ್ಪತ್ರೇಲಿರೋ ಷಿ ಗುಯಿಫೆನ್ ಪರವಾಗಿ ನೀನು ಒಂದು ತಪ್ಪೊಪ್ಪಿಗೆ ಓದಬೇಕು. ಬೇಗ ಮುಗಿಸೋ ಆಸೆಗೆ ಗುಂಡಿಗೆ ನಾನೇ ಟೇಪು ಸುತ್ತಿದ್ದೆ ಅಂತ. ಅವಳು ಹೆಬ್ಬೆಟ್ಟು ಒತ್ತಿದ್ರೆ ಆಸ್ಪತ್ರೆ ಖರ್ಚು ನಾವು ನೋಡ್ಕೋತೀವಿ. ಇಲ್ಲ ಅಂದ್ರೆ ನಾಳೇನೇ ಹಾಸಿಗೆ ಖಾಲಿ ಮಾಡಿಸ್ತಾರೆ ಅವರು.” ಅವನು ನಕ್ಕ. “ಎಲ್ಲರೂ ಅಳೋ ಹಾಗೆ ಬರಿ. ನಿಂಗೆ ಬರತ್ತಲ್ಲ.”

ಆಸ್ಪತ್ರೆಯಲ್ಲಿ ಷಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. ಕೈ ಬಿಳಿಯ ಗಂಟಾಗಿತ್ತು. ಯಿನ್‌ಮೇ ಮ್ಯಾನೇಜರ್ ಹೇಳಿದ್ದನ್ನೆಲ್ಲ ಹೇಳಿದಳು, ಗೋಡೆಪತ್ರಿಕೆಯ ಕೆಲಸವನ್ನೂ ಬಿಡದೆ.

“ಬರ್ಕೋ ಹೋಗು. ನೀನಾದ್ರೂ ಆ ಅಚ್ಚಿನ ಬಾಯಿಂದ ಆಚಿಗೆ ಬಾ.”

“ಟೇಪು ಯಾರು ಸುತ್ತಿದ್ದು ಅಕ್ಕ?”

“ಗೊತ್ತಿಲ್ವಾ ನಿಂಗೆ? ನಿನ್ ಯಂತ್ರಕ್ಕೂ ಅವನೇ ತಾನೆ ಸುತ್ತಿದ್ದು.”

“ಅದನ್ನೇ ಬರೀಲಾ?”

ಪಕ್ಕದ ಹಾಸಿಗೆಯವರು ಕಿತ್ತಳೆ ಸುಲಿದು ತಿಂದು ಮುಗಿಸಿದರು.

“ನನ್ ಬೆರಳು ಎಲ್ಲಿ ಮಡಗಿದ್ರಿ ಅಂತ ಕ್ವಾಂಗ್‌ನ ಕೇಳ್ದೆ,” ಎಂದಳು ಷಿ ಅಕ್ಕ ಕೊನೆಗೆ. “ಹೂಳೋಕೆ ಬೇಕಿತ್ತು, ಸತ್ತಾಗ ಬೆರಳಿಲ್ದ ದೆವ್ವ ಆಗ್ಬಾರ್ದಲ್ಲ. ತಗಡಿನ ಚೂರಿನ ಜೊತೆ ಗುಜರಿಗೆ ಹೋಯ್ತು ಅಂದ ಬೋಳಿಮಗ. ಸಿಗರೇಟ್ ಸೇದ್ತಾ ಅಂದ. ಅದನ್ನೂ ಬರಿ. ಒಂದಕ್ಷರನೂ ಬಿಡಬ್ಯಾಡ.”

ಯಿನ್‌ಮೇ ಬರೆದು ಮುಗಿಸಿದ ಹಾಳೆಗೆ ಅವಳು ಎಡಗೈಯ ಹೆಬ್ಬೆಟ್ಟು ಒತ್ತಿದಳು. ಶಾಯಿ ಒರೆಸಿಕೊಳ್ಳಲು ಇನ್ನೊಂದು ಕೈ ಇರಲಿಲ್ಲ. ಯಿನ್‌ಮೇ ತನ್ನ ಅಂಗಿಯ ಚುಂಗಿನಿಂದ ಒರೆಸಿದಳು.

ಶುಕ್ರವಾರ ಅಂಗಳದಲ್ಲಿ ಎಂಟುನೂರು ಜನರನ್ನು ನಿಲ್ಲಿಸಿದ್ದರು. ಸಾಹೇಬರಿಗೆ ನೆರಳಲ್ಲಿ ಕುರ್ಚಿ, ಮುಂದೆ ತಟ್ಟೆಯಲ್ಲಿ ಕಲ್ಲಂಗಡಿ ಹೋಳು. ಯಿನ್‌ಮೇ ಸ್ಟೂಲ್ ಹತ್ತಿ ಮೈಕಿನ ಮುಂದೆ ಹಾಳೆ ಬಿಡಿಸಿದಳು.

“ನಾನು ಷಿ ಗುಯಿಫೆನ್, ಮೂರನೇ ಸಾಲಿನ ಕೆಲಸಗಾರ್ತಿ. ನನ್ನ ತಪ್ಪನ್ನು ಎಲ್ಲರೆದುರು ಒಪ್ಪಿಕೊಳ್ಳುತ್ತಿದ್ದೇನೆ.”

ಔಯಾಂಗ್ ತಲೆದೂಗಿದ.

“ಈ ತಿಂಗಳು ಮೂರನೇ ತಾರೀಕು ಬೆಳಿಗ್ಗೆ ಮೇಸ್ತ್ರಿ ಕ್ವಾಂಗ್ ನನ್ನ ಯಂತ್ರದ ಎಡ ಗುಂಡಿಗೆ ಕಪ್ಪು ಟೇಪು ಸುತ್ತಿದಾಗ ನಾನು ನೋಡುತ್ತಾ ನಿಂತಿದ್ದೆ. ನನ್ನ ತಪ್ಪು ಅದು. ಪಕ್ಕದ ಯಂತ್ರಕ್ಕೂ ಅದರ ಪಕ್ಕದ್ದಕ್ಕೂ ಸುತ್ತಿದ. ಅರವತ್ತು ಜನ ನೋಡುತ್ತಾ ನಿಂತಿದ್ದೆವು...”

ಮೈಕು ಸತ್ತಿತು. ಯಿನ್‌ಮೇ ನಿಲ್ಲಿಸಲಿಲ್ಲ. ಗಂಟಲು ಹರಿಯುವಂತೆ ಓದಿದಳು. ಮುಂದಿನ ಸಾಲಿಗೆ ಮಾತ್ರ ಕೇಳುತ್ತಿತ್ತು. ಹಿಂದಿನವರು “ಏನಂದ್ಳು, ಏನಂದ್ಳು” ಎಂದರು. ಮುಂದಿನವರು ಕತ್ತು ತಿರುಗಿಸದೆ, ತುಟಿಯಲ್ಲೇ ಹಿಂದಕ್ಕೆ ಹೇಳಿದರು. ಅವರು ಅವರ ಹಿಂದಿನವರಿಗೆ. ಬೆರಳುಗಳು ಗುಜರಿಗೆ ಹೋದ ಮಾತು ಅಂಗಳದ ಕೊನೆಯ ಗೋಡೆ ಮುಟ್ಟುವಾಗ ಕ್ವಾಂಗ್ ಸ್ಟೂಲಿಗೆ ಒದ್ದ.

ಅವಳ ಗದ್ದ ಸಿಮೆಂಟಿಗೆ ಬಡಿಯಿತು. ಬಾಯಲ್ಲಿ ರಕ್ತ ತುಂಬಿ ಮಾತು ಹೊರಡಲಿಲ್ಲ. ಹಾಳೆ ಹಾರಿ ದೂ ಅಣ್ಣನ ಕಾಲ ಬಳಿ ಬಿತ್ತು. ಅವನು ಅದನ್ನು ನೋಡಿದ, ಕ್ವಾಂಗ್‌ನನ್ನು ನೋಡಿದ, ಬಗ್ಗಿ ಎತ್ತಿಕೊಂಡ. ಅವನಿಗೆ ಓದು ಅಷ್ಟಾಗಿ ಬರುತ್ತಿರಲಿಲ್ಲ. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಉಳಿದ ನಾಲ್ಕು ಸಾಲನ್ನು ಓದಿ ಮುಗಿಸಿದ.

ಮಧ್ಯಾಹ್ನದೊಳಗೆ ಯಿನ್‌ಮೇ, ದೂ ಅಣ್ಣ ಇಬ್ಬರ ಹಾಸಿಗೆಯೂ ಗೇಟಿನಾಚೆ ಬಿದ್ದಿತ್ತು. ಷಿ ಅಕ್ಕನ ಹಾಸಿಗೆಯನ್ನು ಆಸ್ಪತ್ರೆಯವರು ಖಾಲಿ ಮಾಡಿಸಿದರು. ಸಾಹೇಬರ ವರದಿಯಲ್ಲಿ ‘ಕೆಲಸಗಾರ್ತಿಯ ಅಜಾಗರೂಕತೆ’ ಎಂದಿತ್ತು. ದೂ ಅಣ್ಣ ಅವ್ವನ ಸಮಾಧಿ ನೋಡಿ ಬರುತ್ತೇನೆಂದು ಊರ ಬಸ್ಸು ಹತ್ತಿದವನು ಮತ್ತೆ ಬರಲಿಲ್ಲ.

ಯಿನ್‌ಮೇ ಅದೇ ಬೀದಿಯ ನೂಡಲ್ ಅಂಗಡಿಯಲ್ಲಿ ಬಟ್ಟಲು ತೊಳೆಯುವ ಕೆಲಸ ಹಿಡಿದಳು. ಷಿ ಅಕ್ಕನನ್ನು ತನ್ನ ಬಾಡಿಗೆ ಕೋಣೆಗೆ ಕರೆತಂದಳು. ಹಗಲು ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಆ ತಪ್ಪೊಪ್ಪಿಗೆಯನ್ನು ಮತ್ತೆ ಬರೆದಳು. ಈ ಸಲ ಐನೂರು ತುಂಬಿಸಲೇಬೇಕೆಂಬ ಹಂಗಿರಲಿಲ್ಲ. ಬರೆಯುತ್ತಾ ಆರು ಸಾವಿರವಾಯಿತು. ಕೂಲಿಕಾರರು ಓದುವ ಒಂದು ಮಾಸಪತ್ರಿಕೆಗೆ ಕಳಿಸಿದಳು. ಅಂಥ ಪತ್ರಿಕೆಗಳು ಆಗ ಪ್ರತಿ ಕಾರ್ಖಾನೆಯ ಗೇಟಿನಲ್ಲೂ ಮಾರಾಟವಾಗುತ್ತಿದ್ದವು.

ಚಳಿಗಾಲದ ಸಂಚಿಕೆಯಲ್ಲಿ ಅದು ಅಚ್ಚಾಯಿತು. ‘ಮೋ ಯಿನ್‌ಮೇ’ ಎಂದು ಅವಳ ಹೆಸರು ಕಪ್ಪಗೆ, ದಪ್ಪಗೆ ಇತ್ತು. ಅವಳು ಒದ್ದೆ ಕೈಯನ್ನು ಮೂರು ಸಲ ಒರೆಸಿಕೊಂಡು ಮುಟ್ಟಿದಳು. ಆಮೇಲೆ ಕೋಣೆಗೆ ಓಡಿ ಷಿ ಅಕ್ಕನಿಗೆ ಓದಿ ಹೇಳತೊಡಗಿದಳು. ಎರಡನೇ ಸಾಲಿನಲ್ಲೇ ನಿಂತಳು.

“ಯಾಕೆ? ಓದು.”

“ನಿನ್ ಹೆಸರಿದ್ದ ಜಾಗದಲ್ಲಿ ಕತ್ತರಿ ಗುರುತು ಹಾಕವ್ರೆ ಅಕ್ಕ. ಕಾರ್ಖಾನೆ ಹೆಸರಿಗೂ ಹಾಕವ್ರೆ. ಕ್ವಾಂಗ್‌ದೂ ಇಲ್ಲ.”

ಸಂಪಾದಕರ ಚೀಟಿ ಜೊತೆಗಿತ್ತು: ಬರಹ ಸೊಗಸಾಗಿದೆ, ಇನ್ನಷ್ಟು ಕಳಿಸಿ, ಹೆಸರುಗಳಿಂದ ತೊಂದರೆಯಾಗಬಹುದು, ಅರ್ಥಮಾಡಿಕೊಳ್ಳಿ.

ಷಿ ಅಕ್ಕ ಪುಟದ ಮೇಲೆ ಬಗ್ಗಿ ನೋಡಿದಳು. ಕತ್ತರಿ ಗುರುತನ್ನು ಓದಲು ಓದು ಬೇಕಿರಲಿಲ್ಲ.

“ಎಷ್ಟು ಕಡೆ ಐತೆ ನನ್ನದು?”

ಯಿನ್‌ಮೇ ಎಣಿಸಿದಳು. “ಹನ್ನೊಂದು.”

“ಬೆರಳೂ ಗುಜರಿಗೆ, ಹೆಸರೂ ಗುಜರಿಗೆ.” ಅವಳು ಗೋಡೆಗೊರಗಿದಳು. “ನಿನ್ ಹೆಸರು ಮಾತ್ರ ಚೆಂದಾಗಿ ಹಾಕವ್ರೆ.”

ಎರಡು ವರ್ಷ ಅಕ್ಷರ ತಿದ್ದಿ ಗಳಿಸಿದ ಪುಟ ಯಿನ್‌ಮೇಯ ಕೈಯಲ್ಲಿತ್ತು, ಸುಡುತ್ತಿತ್ತು. ಷಿ ಅಕ್ಕ ಎಡಗೈಯನ್ನು ಪೆನ್ನಿಗೆ ಚಾಚಿದಳು.

“ಹೆಂಗೆ ಬರೀತಾರೆ ನನ್ ಹೆಸರ್ನ? ತೋರ್ಸು.”

ಮೂರು ಅಕ್ಷರ. ಎಡಗೈಗೆ ಅವು ಬಗ್ಗಲಿಲ್ಲ. ಪೆನ್ನು ಜಾರುತ್ತಿತ್ತು, ಗೆರೆಗಳು ಒಂದರ ಮೇಲೊಂದು ಬೀಳುತ್ತಿದ್ದವು. ಷಿ ಅಕ್ಕ ಪೆನ್ನನ್ನೂ ಕ್ವಾಂಗ್‌ನ ಅಪ್ಪನನ್ನೂ ಸೇರಿಸಿ ಬಯ್ಯುತ್ತಾ ಒಂಬತ್ತು ದಿನ ಬರೆದಳು.

ಹತ್ತನೇ ದಿನ ಇಬ್ಬರೂ ಕಾರ್ಖಾನೆಯ ಗೇಟಿನೆದುರಿನ ಪತ್ರಿಕೆ ಅಂಗಡಿಗೆ ಹೋದರು. ಅಂಗಡಿಯವನ ಹತ್ತಿರ ಆ ಸಂಚಿಕೆಯ ನಲವತ್ತು ಪ್ರತಿ ಉಳಿದಿದ್ದವು. ಅವನಿಗೆ ಯಿನ್‌ಮೇ ಏನು ಹೇಳಿದಳೋ, ಅವನು ಸುಮ್ಮನೆ ಇಡೀ ಕಟ್ಟನ್ನು ಕಟ್ಟೆಯ ಮೇಲಿಟ್ಟು ಬೇರೆ ಕಡೆ ನೋಡಿದ. ಯಿನ್‌ಮೇ ಪುಟ ಬಿಡಿಸಿ ಹಿಡಿದಳು. ಕಾರ್ಖಾನೆಯ ಹೆಸರನ್ನೂ ಕ್ವಾಂಗ್‌ನ ಹೆಸರನ್ನೂ ತಾನು ತುಂಬಿದಳು. ಷಿ ಗುಯಿಫೆನ್ ತನ್ನದನ್ನು ತಾನೇ ಬರೆದಳು. ಸೊಟ್ಟಗೆ, ಸಾಲು ಮೀರಿ, ಅಚ್ಚಾದ ಅಕ್ಷರಗಳ ಮೇಲೆ ಹರಿದು.

ಊಟದ ಗಂಟೆ ಹೊಡೆಯಿತು. ನೀಲಿ ಅಂಗಿಗಳು ಗೇಟಿನಿಂದ ಹೊರಬಿದ್ದು, ಕಟ್ಟೆಯ ಸುತ್ತ ನಿಂತು, ಒಬ್ಬೊಬ್ಬರಾಗಿ ಕೈಚಾಚತೊಡಗಿದರು. ಗೇಟಿನ ವಾಚ್‌ಮನ್ ಫೋನು ಕೆಳಗಿಟ್ಟ. ಕ್ವಾಂಗ್ ಇಬ್ಬರನ್ನು ಕರೆದುಕೊಂಡು ಅಂಗಳ ದಾಟಿ ಬರುತ್ತಿರುವುದು ಯಿನ್‌ಮೇಗೆ ಕಾಣಿಸಿತು.

“ಅಕ್ಕ, ಬರ್ತಾವ್ನೆ.”

“ಬರ್ಲಿ,” ಎಂದಳು ಷಿ ಗುಯಿಫೆನ್, ತಲೆಯೆತ್ತದೆ. “ಮುಂದಿಂದು ಬಿಡ್ಸು.”