ಕಂಪನಿ ಕೊಟ್ಟ ಗಣಪ

೨೦೦೮ರ ಬೇಸಿಗೆ. ನರಸಿಂಹಪ್ಪ ಬಾಡಿಗೆಗೆ ಓಡಿಸುವ ತನ್ನ ಕಾರನ್ನು ಹೋಳೂರಿನ ಮಾವನ ಹಿಪ್ಪುನೇರಳೆ ತೋಟದಲ್ಲಿ ಬಚ್ಚಿಟ್ಟ ಎರಡನೇ ದಿನವೇ ಸಾಲ ಕೊಟ್ಟ ಫೈನಾನ್ಸಿನವರು ಅಲ್ಲಿಗೆ ಹೋಗಿದ್ದರು. ಮಾವ ಕೈಕಾಲು ಹಿಡಿದು ಸಾಗಹಾಕಿದರು. ಶ್ರೀನಿವಾಸಪುರದ ಮಾವಿನ ಮಂಡಿಯ ಖಾಲಿ ಗೋದಾಮಿಗೆ ಸೇರಿಸಿದರೆ ಅಲ್ಲಿಗೂ ಬಂದರು. ಬೀಗ ಹಾಕಿದ್ದರಿಂದ ಕಾರು ಉಳಿಯಿತು. ಎಂಜಿನ್ ಕೆಲಸಕ್ಕೆ ದುಡ್ಡು ಹೋಗಿ ಎರಡು ಕಂತು ತಪ್ಪಿದ್ದು ನಿಜ. ಆದರೆ ಮನೆಯ ಒಲೆ ಉರಿಯುತ್ತಿದ್ದುದೇ ಆ ಕಾರಿನಿಂದ. ಜಾಗ ತೋರಿಸಿಕೊಟ್ಟ ಮನೆಹಾಳ ಯಾರು?

ಮನೆಯವರನ್ನು ಬಿಟ್ಟರೆ ಎರಡೂ ಜಾಗ ಗೊತ್ತಿದ್ದವನು ಒಬ್ಬನೇ, ಮುಳಬಾಗಿಲು ಸ್ಟ್ಯಾಂಡಿನಲ್ಲಿ ಹತ್ತು ವರ್ಷದಿಂದ ಪಕ್ಕದಲ್ಲೇ ಕಾರು ನಿಲ್ಲಿಸುವ ಉಮೇಶ. ಇಬ್ಬರೂ ಅದೇ ಫೈನಾನ್ಸ್ ಕಂಪನಿಯ ಸಾಲದಲ್ಲಿ ಒಂದೇ ದಿನ ಕಾರು ತಂದು ಕುರುಡುಮಲೆಯ ಗಣಪನ ಗುಡಿಯಲ್ಲಿ ಪೂಜೆ ಮಾಡಿಸಿದ್ದರು. ಕಂಪನಿಯವರು ಡ್ಯಾಶ್‌ಬೋರ್ಡಿನ ಮೇಲೆ ಒಂದೊಂದು ಗಣಪನನ್ನು ಕೂರಿಸಿಕೊಟ್ಟಿದ್ದರು, ಪಾದದ ಬಳಿ ಮಿಣುಕುವ ಕೆಂಪು ದೀಪದ ಸಮೇತ. ಪೂಜಾರಿ ಅದಕ್ಕೂ ಮಂಗಳಾರತಿ ಎತ್ತಿದ್ದರು.

ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಮುಂದೆ ನರಸಿಂಹಪ್ಪ ಕೇಳಿಯೇಬಿಟ್ಟ. "ಲೇ ಉಮೇಶ, ಎಷ್ಟು ಕೊಟ್ರೋ ನಿಂಗೆ?"

ಉಮೇಶ ಟೀ ಲೋಟ ಕೆಳಗಿಟ್ಟು ಎದ್ದು ಹೋದ. ತಪ್ಪು ಮಾಡಿದವನು ಇನ್ನೇನು ಹೇಳಿಯಾನು ಎಂದುಕೊಂಡ ನರಸಿಂಹಪ್ಪ. ಅವನ ಬುದ್ಧಿ ಓಡಿದ್ದು ಅಷ್ಟೇ ದೂರ.

ಮೂರನೇ ಸಲ ಹೆಂಡತಿ ಅಂಜಮ್ಮನಿಗೂ ಹೇಳದೆ ದೇವರಾಯಸಮುದ್ರದ ಕೆರೆ ಏರಿಯ ಕೆಳಗೆ, ಜಾಲಿಯ ಮರೆಯಲ್ಲಿ ಕಾರು ನಿಲ್ಲಿಸಿ ಒಳಗೇ ಕೂತ. ಮಧ್ಯಾಹ್ನ ಕಂಪನಿಯ ನಂದಕಿಶೋರ್ ಇಬ್ಬರು ದಾಂಡಿಗರೊಂದಿಗೆ ನೆಟ್ಟಗೆ ಅಲ್ಲಿಗೇ ಬಂದ. ನೋಟೀಸಿಲ್ಲ, ಕಾಗದವಿಲ್ಲ; ನರಸಿಂಹಪ್ಪನನ್ನು ಎಳೆದು ಹಾಕಿ ಬೀಗದಕೈ ಕಿತ್ತುಕೊಂಡರು. ನಂದಕಿಶೋರ್ ಗಣಪನನ್ನು ಬುಡಮೇಲು ಮಾಡಿ ಕೆಳಗಿನ ವೈರು ಎಳೆದು ನೋಡಿದ.

"ಇದಿದ್ರೆ ನೀನು ತಿರುಪತಿಗೆ ಹೋದ್ರೂ ಆಫೀಸಲ್ಲೇ ಗೊತ್ತಾಗುತ್ತೆ."

ಪ್ರತಿ ಶುಕ್ರವಾರ ನರಸಿಂಹಪ್ಪ ಅದಕ್ಕೇ ಹೂವಿಟ್ಟು ಕೈಮುಗಿಯುತ್ತಿದ್ದ. ಮೈಯೆಲ್ಲ ಉರಿಯಿತು. ಉಮೇಶ ಎದ್ದು ಹೋದದ್ದು ನೆನಪಾಗಿ ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಈ ತಿಂಗಳು ಉಮೇಶನೂ ಕಂತು ಕಟ್ಟಿರಲಿಲ್ಲ. ಆ ಹಣವನ್ನು ಇವನ ಎಂಜಿನ್ ಕೆಲಸಕ್ಕೇ ಕೈಗಡ ಕೊಟ್ಟಿದ್ದ.

ಬಸ್ಸು ಹಿಡಿದು ಸ್ಟ್ಯಾಂಡಿಗೆ ಬಂದು, ಉಮೇಶನ ಕಾರಿನ ಕಿಟಕಿಗೆ ಬಗ್ಗಿ, ತಪ್ಪಾಯಿತೆಂದ. ಜಾಗ ಹೇಳುತ್ತಿದ್ದುದು ಗಣಪನೊಳಗಿನ ಯಂತ್ರವೆಂದ. ಉಮೇಶ ನಂಬಿದನೋ ಇಲ್ಲವೋ, ಮುಖದಲ್ಲಿ ಏನೂ ಕಾಣಲಿಲ್ಲ.

"ಗಣಪನ್ನ ಈಗ್ಲೇ ಕಿತ್ತಾಕಿ ಕಾರನ್ನ ಮರೆಗಿಡು ಕಣೋ. ಎಲ್ಲಿಡ್ತೀಯ, ಹೇಳು."

"ನಿನ್ ಕಾರೆಲ್ಲಿ?"

"ತಗೊಂಡೋದ್ರು."

ಉಮೇಶ ಕೀಲಿ ತಿರುಗಿಸಿ ಎಂಜಿನ್ ಚಾಲೂ ಮಾಡಿದ. "ಅದನ್ನ ಬಿಡಿಸ್ಕೊಳಕ್ಕೆ ನನ್ ಕಾರಿನ ಜಾಗ ಅವ್ರಿಗೆ ತೋರಿಸ್ಬೇಕು ಅಂತ ಕೇಳ್ತಿದ್ದೀಯ," ಎಂದ. "ಎಷ್ಟು ಕೊಟ್ರೋ ನಿಂಗೆ?"

ಗಾಜು ಏರಿಸಿ ಕಾರು ತಿರುಗಿಸಿಕೊಂಡ. ಡ್ಯಾಶ್‌ಬೋರ್ಡಿನ ಮೇಲೆ ಕೆಂಪು ದೀಪ ಮಿಣುಕುತ್ತಲೇ ಇತ್ತು.