ಪಕ್ಕದ ಸೀಟಿನ ಭಾವ

ನನ್ನ ಭಾವ ಡ್ರೈವಿಂಗ್ ಸ್ಕೂಲ್ ನಡೆಸುತ್ತಾನೆ. ಎದುರಿಗೆ ‘ನೀವು, ತಾವು’ ಎನ್ನುತ್ತೇನೆ, ಅಕ್ಕನ ಗಂಡ ಎಂಬ ಕರ್ಮಕ್ಕೆ. ಇಲ್ಲಿ ಆ ಹಂಗಿಲ್ಲ.

ತರಗತಿಯಲ್ಲಿ ಕೋಲು ಹಿಡಿದು ನಿಂತು, ಗಾಡಿ ಓಡಿಸುವಾಗ ಫೋನ್ ಮುಟ್ಟಿದರೆ ಏನೇನು ಶಿಕ್ಷೆ ಎಂದು ಕಲಿಯುವವರ ತಲೆ ತಿನ್ನುತ್ತಾನೆ. ಕಾರು ಹತ್ತಿದ ಕೂಡಲೇ ಅವನ ಫೋನ್ ಕಿವಿಗೆ ಅಂಟಿಕೊಳ್ಳುತ್ತದೆ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ನಾನೂ ಅವನ ಬಳಿಯೇ ಕಲಿಯುತ್ತಿದ್ದೆ. ಸ್ಟೇರಿಂಗ್ ಹಿಡಿದು “ಭಾವ, ಸ್ವಲ್ಪ ರಸ್ತೆ ನೋಡಿ” ಎಂದರೆ, “ಕಾನೂನು ಇರೋದು ಸ್ಟೇರಿಂಗ್ ಹಿಡಿದವರಿಗೆ. ನಾನು ಪಕ್ಕದಲ್ಲಿ ಕೂತಿದೀನಿ ಅಷ್ಟೆ” ಎಂದು ಹಲ್ಲು ಕಿಸಿಯುತ್ತಾನೆ. ಕಲಿಸುವವನಿಗೆಂದೇ ಅವನ ಕಾಲ ಬಳಿ ಇನ್ನೊಂದು ಬ್ರೇಕ್ ಇದೆ. ಅದರ ಮೇಲೆ ಅವನು ಚಪ್ಪಲಿ ಬಿಟ್ಟಿರುತ್ತಾನೆ.

ನನಗೆ ಔಷಧಿ ಅಂಗಡಿಯೊಂದರ ವ್ಯಾನ್ ಓಡಿಸುವ ಕೆಲಸ ಖಚಿತವಾಗಿತ್ತು. ಮುಂದಿನ ವಾರ ಡ್ರೈವಿಂಗ್ ಪರೀಕ್ಷೆ ಪಾಸಾಗಬೇಕು, ಅಷ್ಟೇ ಬಾಕಿ. ಕಲಿಯುವವರ ಲೈಸೆನ್ಸ್ ರದ್ದಾದರೆ ಪರೀಕ್ಷೆಯೂ ಇಲ್ಲ, ಕೆಲಸವೂ ಇಲ್ಲ.

ಆ ದಿನ ಅವನು ಫೋನಿನಲ್ಲಿ ಅಕ್ಕನೊಡನೆ ಕಿಟಕಿ ಪರದೆಯ ಬಣ್ಣಕ್ಕಾಗಿ ಜಗಳಕ್ಕೆ ನಿಂತಿದ್ದ. ವೃತ್ತ ಬಂದಾಗ ತಲೆಯೆತ್ತದೆ “ಬಲಕ್ಕೆ ತಿರುಗಿಸು” ಎಂದ. ತಿರುಗಿಸಿದೆ. ಅದು ಒನ್ ವೇ ರಸ್ತೆ, ನಾವು ಹೊಕ್ಕಿದ್ದು ಉಲ್ಟಾ ಕಡೆಯಿಂದ. ಎದುರಿನ ಬಸ್ಸು ಕಿರ್ರೆಂದು ನಿಂತಿತು. ಪೊಲೀಸ್ ಬಂದು ಕಿಟಕಿಗೆ ಬಗ್ಗಿ ನನ್ನ ಲೈಸೆನ್ಸ್ ಇಸಿದುಕೊಂಡ, ಭಾವನ ಕೈಯ ಫೋನ್ ನೋಡಿ ಅವನಿಗೇ ಹೇಳಿದ.

“ಈಕೆ ಇನ್ನೂ ಕಲೀತಿದ್ದಾರೆ. ನೀವು ಕಲಿಸೋ ಜವಾಬ್ದಾರಿ ತಗೊಂಡು ಕೂತಿದ್ರೆ, ಒನ್ ವೇ ತಪ್ಪೂ ಫೋನಿನ ತಪ್ಪೂ ನಿಮ್ಮದು. ಇಲ್ಲ ಅಂದ್ರೆ, ಈಕೆ ಒಬ್ಬರೇ ಓಡಿಸಿದ ಹಾಗೆ, ಲೈಸೆನ್ಸ್ ರದ್ದಾಗತ್ತೆ. ಯಾವುದು ಹೇಳಿ.”

ಭಾವ ಯೋಚಿಸಲೂ ಇಲ್ಲ. “ನಾನು ಸುಮ್ನೆ ಡ್ರಾಪ್ ತಗೊಂಡಿದ್ದೆ ಸಾರ್. ಗಾಡಿ ಅವಳದೇ ಜವಾಬ್ದಾರಿ. ಹೇಳಿದ ಮಾತು ಕೇಳೋ ಹುಡುಗಿ ಅಲ್ಲ.”

ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ನನಗೆ ಸಿಟ್ಟಿಗಿಂತ ಹೇಸಿಗೆಯಾಯಿತು.

ಆದರೆ ಅವನು ಗಾಬರಿಯಲ್ಲಿ ಕರೆ ಕಟ್ ಮಾಡಲು ಹೋಗಿ ಸ್ಪೀಕರ್ ಒತ್ತಿದ್ದ. ಅವನ ತೊಡೆಯ ಮೇಲಿಂದ ಅಕ್ಕನ ದನಿ ಬಂತು.

“ಸಾರ್, ನಾನು ಅವರ ಹೆಂಡತಿ. ಬಲಕ್ಕೆ ತಿರುಗಿಸು ಅಂದಿದ್ದು ಅವರೇ. ಅವಳಿಗೆ ಪಾಠ ಹೇಳ್ಕೊಡ್ತಾ ನನ್ನ ಜೊತೆ ಜಗಳ ಆಡ್ತಿದ್ರು. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ.”

ಭಾವನ ಮುಖ ಇಂಗು ತಿಂದ ಮಂಗನಂತಾಯಿತು. ಪೊಲೀಸ್ ಅವನ ಲೈಸೆನ್ಸ್ ಕಿತ್ತುಕೊಂಡು, ನನ್ನದನ್ನು ನನಗೇ ವಾಪಸ್ ಕೊಟ್ಟ. ಆದರೆ ಪಕ್ಕದಲ್ಲಿ ಲೈಸೆನ್ಸ್ ಇರುವವರು ಇಲ್ಲದೆ ನಾನು ಕಾರು ತೆಗೆಯುವಂತಿರಲಿಲ್ಲ. ಅಕ್ಕನಿಗೆ ಲೈಸೆನ್ಸ್ ಇದೆ, ಮದುವೆಗೆ ಮುಂಚಿನದು. ಊರಿಗೆಲ್ಲ ಕಲಿಸಿದ ಮಹಾನುಭಾವ ಹೆಂಡತಿಗೆ ಮಾತ್ರ ಕಾರಿನ ಕೀ ಮುಟ್ಟಲು ಬಿಟ್ಟಿರಲಿಲ್ಲ.

ಅಕ್ಕ ಬಸ್ಸಿನಲ್ಲಿ ಬಂದಳು. ಯಾರನ್ನೂ ಬೈಯಲಿಲ್ಲ. “ರೀ, ಹಿಂದೆ ಹೋಗಿ” ಎಂದಳು. ಅವನು ಹೋದ. ಅಕ್ಕ ಪಕ್ಕದ ಸೀಟಿನಲ್ಲಿ ಕೂತು ಬ್ರೇಕಿನ ಮೇಲೆ ಕಾಲಿಟ್ಟಳು.

ದಾರಿಯಲ್ಲಿ ಅವನ ಫೋನ್ ರಿಂಗಾಯಿತು. ಎತ್ತಲೋ ಬೇಡವೋ ಎಂದು ಕೈಯಲ್ಲಿ ಹಿಡಿದು ಒದ್ದಾಡುತ್ತಿದ್ದ. ಅಕ್ಕ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

“ಮಾತಾಡಿ ಪರವಾಗಿಲ್ಲ. ಈಗ ನಿಮ್ಮನ್ನ ನಂಬ್ಕೊಂಡು ಯಾರೂ ಗಾಡಿ ಓಡಿಸ್ತಿಲ್ಲ.”